ಮನೆ ವೈರಿಂಗ್ ಕೆಲಸ ಕೊಡುವ ಮುನ್ನ: ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಜೊತೆ ಕರಾರು ಬರೆದುಕೊಳ್ಳುವ ಬಗೆ

ಮನೆ ಕಟ್ಟಿಸಲು ಹೊರಟವರು ಮೊದಲು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ವೈರಿಂಗ್‌ಗೆ ಪಾಯಿಂಟಿಗೆ ಎಷ್ಟು ರೇಟ್ ನಡೀತಿದೆ?" ಕೆಲವು ತಿಂಗಳ ಮೇಲೆ ಅವರೇ ಮತ್ತೆ ಕೇಳುತ್ತಾರೆ: "ಎಲೆಕ್ಟ್ರಿಷಿಯನ್ ಅರ್ಧಕ್ಕೇ ಬಿಟ್ಟು ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ, ಕೊಟ್ಟ ದುಡ್ಡಿನ ಗತಿ ಏನು?"

ಒಂದೇ ಊರಿನಲ್ಲಿ ರೇಟು ಒಬ್ಬರಿಂದ ಒಬ್ಬರಿಗೆ ಭಾರಿ ಏನೂ ಬದಲಾಗುವುದಿಲ್ಲ. ಜಗಳ ಹುಟ್ಟುವುದು ಬೇರೆ ಜಾಗದಲ್ಲಿ. ಪಾಯಿಂಟ್ ಅಂದರೆ ಯಾವುದು, ವೈರ್ ಯಾರು ತರಬೇಕು, ಕೊರೆದ ಗೋಡೆ ಯಾರು ಮುಚ್ಚಬೇಕು, ಮೀಟರ್ ಯಾರು ಮಾಡಿಸಬೇಕು ಎನ್ನುವುದನ್ನೆಲ್ಲ ಟೀ ಕುಡಿಯುತ್ತಾ ಮಾತಾಡಿರುತ್ತೀರಿ, ಆದರೆ ಎಲ್ಲೂ ಬರೆದಿರುವುದಿಲ್ಲ. ಬಾಯಿಮಾತಿನ ಕರಾರಿಗೆ ಬೆಲೆಯೇ ಇಲ್ಲ ಎಂದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅದೂ ಕರಾರೇ. ಆದರೆ ಏನು ಮಾತಾಗಿತ್ತು ಎಂದು ಸಾಬೀತು ಮಾಡಬೇಕಾದವರು ನೀವು, ಅದು ಆಗುವ ಮಾತಲ್ಲ.

ಸ್ವಂತ ಮನೆ ಕಟ್ಟಿಸುತ್ತಾ, ಅಥವಾ ಹಳೆ ಮನೆಗೆ ಹೊಸದಾಗಿ ವೈರಿಂಗ್ ಮಾಡಿಸುತ್ತಾ, ಎಲೆಕ್ಟ್ರಿಕಲ್ ಕೆಲಸವನ್ನು ನೇರವಾಗಿ ಒಬ್ಬರಿಗೆ ವಹಿಸುವವರಿಗೆ ಈ ಲೇಖನ. ಇಡೀ ಮನೆಯನ್ನೇ ಒಬ್ಬ ಬಿಲ್ಡರ್‌ಗೆ ಒಪ್ಪಿಸಿದ್ದರೆ ನಿಮ್ಮ ಕರಾರು ಆತನ ಜೊತೆ ಮಾತ್ರ. ಆಗ ಇಲ್ಲಿ ಹೇಳಿದ್ದನ್ನು ಆ ಕರಾರಿಗೆ ಅನುಬಂಧವಾಗಿ ಸೇರಿಸಿ, ಆತನನ್ನು ದಾಟಿ ಎಲೆಕ್ಟ್ರಿಷಿಯನ್ ಕೈಗೆ ಹಣ ಕೊಡಬೇಡಿ.

1. ಮೊದಲು ಲೈಸೆನ್ಸ್ ನೋಡಿ, ಅದು ಯಾರ ಹೆಸರಲ್ಲಿದೆ ನೋಡಿ

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ ಉಳಿದ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಾಂಟ್ರಾಕ್ಟರೇ ಮಾಡಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಹೇಳುತ್ತವೆ. ಈಗ ಜಾರಿಯಲ್ಲಿರುವುದು 2023ರ ನಿಯಮಗಳು. ಕರ್ನಾಟಕದಲ್ಲಿ ಈ ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಂಬ ವಿದ್ಯುತ್ ಸರಬರಾಜು ಕಂಪನಿಗಳು, ಅಂದರೆ ಎಸ್ಕಾಂಗಳು, ಕೊಡುವುದಲ್ಲ.

ಇಲ್ಲಿ ಮೂರು ಬೇರೆ ಬೇರೆ ಕಾಗದಗಳಿವೆ, ಜನ ಇವನ್ನು ಒಂದೇ ಅಂದುಕೊಳ್ಳುತ್ತಾರೆ. ವೈರ್‌ಮನ್ ಪರ್ಮಿಟ್ ಎಂದರೆ ಕೈಯಾರೆ ಕೆಲಸ ಮಾಡುವವರಿಗೆ ಕೊಡುವ ಅನುಮತಿ. ಸೂಪರ್‌ವೈಸರ್ ಪರ್ಮಿಟ್ ಆ ಕೆಲಸದ ಮೇಲ್ವಿಚಾರಣೆ ಮಾಡುವವರದು. ಕಾಂಟ್ರಾಕ್ಟರ್ ಲೈಸೆನ್ಸ್ ಕೆಲಸ ವಹಿಸಿಕೊಂಡು ಜವಾಬ್ದಾರಿ ಹೊತ್ತು ಸಹಿ ಹಾಕುವವರದು. "ನನ್ನ ಹತ್ರ ಲೈಸೆನ್ಸ್ ಇದೆ ಸಾರ್" ಎಂದು ತೋರಿಸುವ ಕಾರ್ಡ್ ಎಷ್ಟೋ ಸಲ ವೈರ್‌ಮನ್ ಪರ್ಮಿಟ್ ಆಗಿರುತ್ತದೆ.

ಇನ್ನೊಂದು ರೂಢಿ ಇದಕ್ಕಿಂತ ಕೆಟ್ಟದ್ದು. ಕೆಲಸ ಮಾಡುವವನು ಒಬ್ಬ, ಕೊನೆಯಲ್ಲಿ ಮೀಟರ್‌ಗಾಗಿ ಎಸ್ಕಾಂಗೆ ಕೊಡುವ ಕೆಲಸ ಮುಗಿದ ವರದಿಗೆ, ಅಂದರೆ ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕುವ ಲೈಸೆನ್ಸುದಾರ ಇನ್ನೊಬ್ಬ. ಆತ ನಿಮ್ಮ ಮನೆ ಮೆಟ್ಟಿಲೂ ಹತ್ತಿರುವುದಿಲ್ಲ, ಸಹಿಗೆ ಇಷ್ಟು ಅಂತ ತೆಗೆದುಕೊಂಡು ಹೋಗುತ್ತಾನೆ. ನಾಳೆ ಗೋಡೆಯೊಳಗೆ ವೈರ್ ಸುಟ್ಟರೆ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ. ಕೆಲಸ ಮಾಡುವ ಹುಡುಗ ನಿಮಗೆ ಪರಿಚಯದವನು, ಕೈಗುಣ ಚೆನ್ನಾಗಿದೆ ಅಂತಿದ್ದರೆ ಬೇಡವೆನ್ನಬೇಕಿಲ್ಲ. ಆದರೆ ಸಹಿ ಹಾಕುವ ಲೈಸೆನ್ಸುದಾರ ಯಾರು ಎಂದು ಮೊದಲ ದಿನವೇ ಗೊತ್ತಾಗಬೇಕು, ಕರಾರಿನಲ್ಲಿ ಆತನೂ ಸಹಿ ಹಾಕಬೇಕು. ಲೈಸೆನ್ಸಿನ ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ, ನವೀಕರಣ ಎಂದಿನವರೆಗಿದೆ ಎಂದು ನೋಡಿ, ನಂಬರನ್ನು ಕರಾರಿನ ಮೊದಲ ಪ್ಯಾರಾದಲ್ಲೇ ಬರೆಯಿರಿ.

2. ಗೋಡೆಯ ಮೇಲೆ ಗುರುತು ಹಾಕಿ, ಆಮೇಲೆ ಕಾಗದಕ್ಕೆ ಇಳಿಸಿ

ಪ್ಲಾನ್ ಪ್ರಿಂಟಿನ ಮೇಲೆ ಎಲ್ಲೆಲ್ಲಿ ಏನು ಬೇಕೆಂದು ಗುರುತಿಸುವುದು ಮೊದಲ ಕೆಲಸ. ಆರ್ಕಿಟೆಕ್ಟ್ ಕೊಟ್ಟ ಎಲೆಕ್ಟ್ರಿಕಲ್ ಡ್ರಾಯಿಂಗ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಇಟ್ಟಿಗೆ ಗೋಡೆ ಎದ್ದ ಮೇಲೆ ಮನೆಯವರೆಲ್ಲ ಸೇರಿ, ಕಾಂಟ್ರಾಕ್ಟರನ್ನೂ ಕರೆದುಕೊಂಡು, ಕೋಣೆ ಕೋಣೆಗೂ ಹೋಗಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮಂಚ ಎಲ್ಲಿ ಬರುತ್ತದೆ, ಮಿಕ್ಸಿ ಎಲ್ಲಿಡುತ್ತೀರಿ, ಗ್ರೈಂಡರ್‌ಗೆ ಬೇರೆ ಸಾಕೆಟ್ ಬೇಕೆ, ದೇವರ ಮನೆಗೆ ಎಷ್ಟು ದೀಪ. ಅಡುಗೆಮನೆಯ ಗುರುತನ್ನು ಅಡುಗೆ ಮಾಡುವವರೇ ಹಾಕಲಿ; ಗಂಡಸರು ನಿಂತು ಹಾಕಿಸಿದ ಅಡುಗೆಮನೆ ಬೋರ್ಡು ಸಾಮಾನ್ಯವಾಗಿ ಫ್ರಿಜ್ ಹಿಂದೆ ಸಿಕ್ಕಿಕೊಂಡಿರುತ್ತದೆ.

ಸ್ಲ್ಯಾಬ್ ಪೈಪಿಂಗ್ ಮಾತ್ರ ಇದಕ್ಕೂ ಮೊದಲೇ ಆಗುತ್ತದೆ. ಕಾಂಕ್ರೀಟ್ ಸುರಿಯುವ ಮೊದಲು ಕಂಬಿಗಳ ನಡುವೆ ಪಿವಿಸಿ ಪೈಪು, ಫ್ಯಾನ್ ಬಾಕ್ಸು ಇಡುವ ಕೆಲಸ ಅದು. ಹಾಗಾಗಿ ಫ್ಯಾನು ಮತ್ತು ಸೀಲಿಂಗ್ ದೀಪಗಳ ಜಾಗ ಸೆಂಟ್ರಿಂಗ್ ಹಂತದಲ್ಲೇ ತೀರ್ಮಾನವಾಗಿರಬೇಕು. ಮುಂದೆ ಸೋಲಾರ್ ಹಾಕಿಸುವ, ಎಲೆಕ್ಟ್ರಿಕ್ ಕಾರು ಕೊಳ್ಳುವ ಯೋಚನೆ ಇದ್ದರೆ ಟೆರೇಸಿನಿಂದ ಮೀಟರ್ ಬೋರ್ಡಿಗೆ ಒಂದು, ಪಾರ್ಕಿಂಗಿಗೆ ಒಂದು ಖಾಲಿ ಪೈಪನ್ನು ಈಗಲೇ ಹಾಕಿಸಿ ಪಟ್ಟಿಯಲ್ಲಿ ಸೇರಿಸಿ. ಆಮೇಲೆ ಗೋಡೆ ಒಡೆಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಗುರುತುಗಳನ್ನೆಲ್ಲ ಕೋಣೆವಾರು ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಇದೇ ಕರಾರಿನ "ಅನುಬಂಧ ಅ". ಕರಾರಿನಲ್ಲಿ ಬೇರೆ ಏನಿಲ್ಲದಿದ್ದರೂ ಈ ಪಟ್ಟಿಯೊಂದು ಇದ್ದರೆ ಅರ್ಧ ಜಗಳ ತಪ್ಪುತ್ತದೆ.

3. ಪಾಯಿಂಟ್ ಅಂದರೆ ಏನು ಎಂದು ಬರೆಯಿರಿ

ಕೂಲಿ ಲೆಕ್ಕ ಮೂರು ಬಗೆಯಲ್ಲಿ ನಡೆಯುತ್ತದೆ: ಪಾಯಿಂಟ್ ಲೆಕ್ಕ, ಚದರಡಿ ಲೆಕ್ಕ, ಒಟ್ಟು ಗುತ್ತಿಗೆ. ಚದರಡಿ ಲೆಕ್ಕದಲ್ಲಿ ಎಣಿಸುವ ತಲೆನೋವಿಲ್ಲ, ಆದರೆ ಒಂದು ಸಾಕೆಟ್ ಹೆಚ್ಚಿಗೆ ಕೇಳಿದರೂ ಕಾಂಟ್ರಾಕ್ಟರ್ ಮುಖ ಗಂಟಿಕ್ಕುತ್ತಾನೆ. ಒಟ್ಟು ಗುತ್ತಿಗೆಯಲ್ಲೂ ಅಷ್ಟೇ. ಅನುಬಂಧ ಅ ಪಕ್ಕಾ ಇದ್ದರೆ ಮಾತ್ರ ಈ ಎರಡು ನಡೆಯುತ್ತವೆ. ನನ್ನ ಮಟ್ಟಿಗೆ ಪಾಯಿಂಟ್ ಲೆಕ್ಕವೇ ನ್ಯಾಯವಾದದ್ದು, ಆದರೆ ಮೋಸಕ್ಕೆ ಹೆಚ್ಚು ಜಾಗ ಇರುವುದೂ ಅದರಲ್ಲೇ.

ಒಂದು ಮಲಗುವ ಕೋಣೆ ತೆಗೆದುಕೊಳ್ಳೋಣ. ಎರಡು ದೀಪ, ಅದರಲ್ಲಿ ಒಂದಕ್ಕೆ ಬಾಗಿಲ ಬಳಿಯೂ ಮಂಚದ ಬಳಿಯೂ ಸ್ವಿಚ್. ಇದಕ್ಕೆ ಟೂ-ವೇ ಎನ್ನುತ್ತಾರೆ. ಒಂದು ಫ್ಯಾನು, ಬಾಗಿಲ ಬಳಿಯ ಬೋರ್ಡಿನಲ್ಲೇ ಒಂದು ಸಾಕೆಟ್, ಮಂಚದ ಎರಡು ಬದಿಗೆ ಒಂದೊಂದು ಸಾಕೆಟ್, ಟಿವಿಗೆ ಒಂದು ಸಾಕೆಟ್ ಮತ್ತು ಒಂದು ಕೇಬಲ್ ಪಾಯಿಂಟ್, ಒಂದು ಏಸಿ.

ನೀವು ಎಣಿಸುವುದು ಹೀಗೆ: ದೀಪ 2, ಫ್ಯಾನು 1, ಮಂಚದ ಸಾಕೆಟ್ 2, ಟಿವಿ 1, ಏಸಿ 1. ಒಟ್ಟು 7. ಬೋರ್ಡಿನ ಸಾಕೆಟ್ ಬೋರ್ಡಿನ ಜೊತೆಗೇ ಬಂತಲ್ಲ, ಅದಕ್ಕೇನು ಲೆಕ್ಕ ಎಂದುಕೊಂಡಿರುತ್ತೀರಿ. ಟಿವಿ ಕೇಬಲ್‌ಗೂ ಅಷ್ಟೇ.

ಕಾಂಟ್ರಾಕ್ಟರ್ ಎಣಿಸುವುದು ಹೀಗೆ: ಸಾದಾ ದೀಪ 1, ಟೂ-ವೇ ದೀಪ 2, ಫ್ಯಾನು 1, ಬೋರ್ಡಿನ ಸಾಕೆಟ್ ಅರ್ಧ, ಮಂಚದ ಸಾಕೆಟ್ 2, ಟಿವಿ ಸಾಕೆಟ್ 1, ಟಿವಿ ಕೇಬಲ್ 1, ಏಸಿ ದೊಡ್ಡ ವೈರ್ ಆದ್ದರಿಂದ 2. ಒಟ್ಟು ಹತ್ತೂವರೆ.

ಕೋಣೆ ಅದೇ, ರೇಟು ಅದೇ, ಬಿಲ್ಲು ಒಂದೂವರೆ ಪಟ್ಟು. ಕಾಂಟ್ರಾಕ್ಟರ್ ಎಣಿಸಿದ್ದು ಸುಳ್ಳೆಂದಲ್ಲ. ಅವರಲ್ಲಿ ಆ ರೂಢಿ ಇದೆ. ನಿಮಗೆ ಗೊತ್ತಿರಲಿಲ್ಲ ಅಷ್ಟೆ. ಹತ್ತು ರೂಪಾಯಿ ರೇಟು ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುವವರು ಈ ಎಣಿಕೆಯ ಬಗ್ಗೆ ಒಂದು ಮಾತೂ ಕೇಳಿರುವುದಿಲ್ಲ.

ಹಾಗಾಗಿ ಕರಾರಿನಲ್ಲಿ ಹೀಗೆ ಬರೆಯಿರಿ:

"ಒಂದು ಪಾಯಿಂಟ್ ಎಂದರೆ ಸ್ವಿಚ್ಚಿನಿಂದ ದೀಪ, ಫ್ಯಾನ್ ಅಥವಾ ಸಾಕೆಟ್‌ವರೆಗಿನ ಪೈಪು ಹಾಕುವುದು, ಬಾಕ್ಸ್ ಕೂರಿಸುವುದು, ಫೇಸ್, ನ್ಯೂಟ್ರಲ್, ಅರ್ಥ್ ವೈರ್ ಎಳೆಯುವುದು, ಸ್ವಿಚ್ ಹಾಗೂ ಫಿಟ್ಟಿಂಗ್ ಜೋಡಿಸಿ ಚಾಲೂ ಮಾಡಿಕೊಡುವುದು ಎಲ್ಲವೂ ಸೇರಿದ್ದು. ಟೂ-ವೇ ದೀಪ ____ ಪಾಯಿಂಟ್. ಬೋರ್ಡಿನ ಮೇಲಿನ ಸಾಕೆಟ್ ____ ಪಾಯಿಂಟ್. 16 ಆಂಪಿಯರ್ ಸಾಕೆಟ್, ಗೀಸರ್, ಏಸಿ ತಲಾ ____ ಪಾಯಿಂಟ್. ಟಿವಿ, ಇಂಟರ್ನೆಟ್, ಸಿಸಿಟಿವಿ, ಕಾಲಿಂಗ್ ಬೆಲ್ ತಲಾ ____ ಪಾಯಿಂಟ್."

ಬಿಟ್ಟ ಜಾಗದಲ್ಲಿ ಎಷ್ಟು ತುಂಬುತ್ತೀರಿ ಎನ್ನುವುದು ನಿಮ್ಮಿಬ್ಬರ ಚೌಕಾಸಿಗೆ ಬಿಟ್ಟದ್ದು. ಖಾಲಿ ಮಾತ್ರ ಬಿಡಬೇಡಿ. ಡಿಬಿ, ಅಂದರೆ ಲೋಡ್ ಹೆಚ್ಚಾದರೆ ತಾನಾಗಿ ಲೈನ್ ಕಡಿಯುವ ಎಂಸಿಬಿ ಸ್ವಿಚ್ಚುಗಳು ಕೂರುವ ಪೆಟ್ಟಿಗೆ, ಮೀಟರ್ ಬೋರ್ಡಿನಿಂದ ಡಿಬಿವರೆಗಿನ ಮೇನ್ ಲೈನ್, ಅರ್ಥಿಂಗ್ ಗುಂಡಿ, ಇನ್ವರ್ಟರ್ ಲೈನ್, ಮೋಟಾರ್ ಲೈನ್. ಇವು ಪಾಯಿಂಟ್ ಲೆಕ್ಕಕ್ಕೆ ಬರುವುದಿಲ್ಲ. ಒಂದೊಂದಕ್ಕೂ ಬೇರೆ ಮೊತ್ತ ಬರೆಯಿರಿ, ಇಲ್ಲದಿದ್ದರೆ ಕೊನೆಯ ಬಿಲ್ಲಿನಲ್ಲಿ "ಎಕ್ಸ್‌ಟ್ರಾ" ಎಂಬ ಹೆಸರಿನಲ್ಲಿ ಬರುತ್ತವೆ.

4. ಸಾಮಾನು ಯಾರದು, ಯಾವುದು

ಲೇಬರ್ ಕಾಂಟ್ರಾಕ್ಟ್‌ನಲ್ಲಿ ಸಾಮಾನು ನೀವು ತಂದುಕೊಡಬೇಕು, ಕೂಲಿ ಮಾತ್ರ ಆತನದು. "ವಿತ್ ಮೆಟೀರಿಯಲ್" ಎಂದರೆ ಎರಡೂ ಆತನದೇ. ಓಡಾಡಲು ಪುರಸೊತ್ತು ಇದ್ದವರು ಲೇಬರ್ ಕಾಂಟ್ರಾಕ್ಟ್ ಕೊಡುವುದು ವಾಸಿ.

ಸಾಮಾನು ಸಮೇತ ಕೊಡುವುದಾದರೆ "ಒಳ್ಳೆ ಕಂಪನಿಯ ವೈರ್" ಎಂದು ಬರೆದರೆ ಏನೂ ಬರೆಯದ ಹಾಗೆ. ಕಂಪನಿ, ಮಾಡೆಲ್, ಅಳತೆ ಮೂರನ್ನೂ ಬರೆಯಬೇಕು. ವೈರಿನ ಅಳತೆಯನ್ನು ಅಂಗಡಿಯಲ್ಲಿ ಒಂದೂವರೆ ಎಂಎಂ, ಎರಡೂವರೆ ಎಂಎಂ, ನಾಲ್ಕು ಎಂಎಂ ಅಂತಾರೆ. ಅದು ವೈರಿನ ದಪ್ಪ ಅಲ್ಲ. ಒಳಗಿನ ತಾಮ್ರವನ್ನು ಅಡ್ಡ ಕತ್ತರಿಸಿದಾಗ ಸಿಗುವ ವಿಸ್ತೀರ್ಣ, ಚದರ ಮಿಲಿಮೀಟರ್ ಲೆಕ್ಕದಲ್ಲಿ. ಮನೆಗಳಲ್ಲಿ ಸಾಮಾನ್ಯವಾಗಿ ದೀಪ ಫ್ಯಾನುಗಳಿಗೆ 1.5, ಸಾಕೆಟ್‌ಗಳಿಗೆ 2.5, ಗೀಸರ್ ಮತ್ತು ಏಸಿಗೆ 4 ಹಾಕುತ್ತಾರೆ. ಮೇನ್ ಲೈನ್ ಲೋಡ್ ನೋಡಿ ಇದಕ್ಕಿಂತ ದೊಡ್ಡದು. ನಿಮ್ಮ ಮನೆಯ ಲೋಡ್ ಲೆಕ್ಕ ಹಾಕಿಸಿ ಯಾವುದಕ್ಕೆ ಯಾವುದು ಎಂದು ಅನುಬಂಧದಲ್ಲಿ ಬರೆಸಿ. ಅರ್ಥ್ ವೈರಿನ ಅಳತೆಯನ್ನೂ ಮರೆಯಬೇಡಿ, ಉಳಿತಾಯ ಮಾಡುವವರು ಮೊದಲು ಕೈ ಹಾಕುವುದು ಅದಕ್ಕೇ. ಬಣ್ಣವನ್ನೂ ಬರೆಯಿರಿ: ಫೇಸ್‌ಗೆ ಕೆಂಪು, ಹಳದಿ ಅಥವಾ ನೀಲಿ, ನ್ಯೂಟ್ರಲ್‌ಗೆ ಕಪ್ಪು, ಅರ್ಥ್‌ಗೆ ಹಸಿರು. ಕೈಗೆ ಸಿಕ್ಕ ತುಂಡಿನಲ್ಲಿ ವೈರ್ ಎಳೆದ ಮನೆಯಲ್ಲಿ ಹತ್ತು ವರ್ಷ ಬಿಟ್ಟು ರಿಪೇರಿಗೆ ಬಂದವನ ಜೀವಕ್ಕೇ ಅಪಾಯ.

ಪಿವಿಸಿ ವೈರ್‌ಗೆ ಐಎಸ್ 694 ಎಂಬ ಮಾನದಂಡವಿದೆ. ವೈರಿನ ಮೈಮೇಲೆ ಐಎಸ್‌ಐ ಗುರುತು, ಅದರ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ಕಂಪನಿಯದು, ಚಾಲ್ತಿಯಲ್ಲಿದೆಯೇ ಎಂದು ತಿಳಿಯುತ್ತದೆ. ಪೆಟ್ಟಿಗೆ ಮೇಲಿನದ್ದನ್ನು ನಂಬಬೇಡಿ, ವೈರಿನ ಮೇಲಿನದ್ದನ್ನು ಓದಿ.

ನೀವೇ ಸಾಮಾನು ತರುವುದಾದರೆ ಒಂದು ನೋಟ್‌ಬುಕ್ ಇಡಿ. ತಾರೀಕು, ಯಾವ ಅಳತೆಯ ಎಷ್ಟು ಕಾಯಿಲ್, ತೆಗೆದುಕೊಂಡವರ ಸಹಿ. ಸಾಮಾನ್ಯ ಕಾಯಿಲ್ 90 ಮೀಟರ್ ಇರುತ್ತದೆ. ಕೆಲಸ ಮುಗಿದಾಗ ಲೆಕ್ಕ ತಾಳೆ ನೋಡಬಹುದು. ಉಳಿದ ತುಂಡು ವೈರ್ ಯಾರಿಗೆ ಸೇರಬೇಕು ಎಂದೂ ಬರೆಯಿರಿ. ಚಿಲ್ಲರೆ ವಿಷಯ ಅನ್ನಿಸಬಹುದು, ಆದರೆ ತಾಮ್ರಕ್ಕೆ ಗುಜರಿಯಲ್ಲೂ ಒಳ್ಳೆ ಬೆಲೆ ಇದೆ. ತುಂಡು ತಮ್ಮದಾಗುತ್ತದೆ ಎಂದು ಗೊತ್ತಿದ್ದರೆ ಉದ್ದುದ್ದ ಕತ್ತರಿಸುವವರೂ ಇದ್ದಾರೆ.

"ಇಂಥ ಅಂಗಡಿಯಲ್ಲೇ ತಗೊಳ್ಳಿ ಸಾರ್, ನಮ್ಮ ಹೆಸರು ಹೇಳಿ" ಎಂದರೆ ಅಲ್ಲಿ ಕಮಿಷನ್ ಇರಬಹುದು ಎಂದು ತಿಳಿಯಿರಿ. ತಪ್ಪೇನಿಲ್ಲ, ಇನ್ನೆರಡು ಅಂಗಡಿಯಲ್ಲಿ ಕೊಟೇಷನ್ ತಂದು ನೋಡಿ.

5. ಹಣ ಕೊಡುವುದು ಹಂತಕ್ಕೆ ತಕ್ಕಂತೆ

ಅರ್ಧಕ್ಕೇ ಬಿಟ್ಟು ಹೋದ ಪ್ರಕರಣಗಳಲ್ಲಿ ಕಾರಣ ಹುಡುಕಿದರೆ ಹೆಚ್ಚಿನ ಕಡೆ ಸಿಗುವುದು ಒಂದೇ: ಆದ ಕೆಲಸಕ್ಕಿಂತ ಹೆಚ್ಚು ದುಡ್ಡು ಕೈ ಸೇರಿತ್ತು. ಹಬ್ಬ ಬಂತು, ಊರಿಗೆ ಹೋಗಬೇಕು, ಹುಡುಗರಿಗೆ ಬಟವಾಡೆ ಎಂದು ಕೇಳಿದಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡುತ್ತಾ ಹೋಗಿರುತ್ತೀರಿ. ಉಳಿದ ಕೆಲಸಕ್ಕೆ ಉಳಿದ ಹಣ ಸಾಲದು ಎಂದಾದ ದಿನ ಆತ ಬೇರೆ ಸೈಟಿಗೆ ಹೋಗುತ್ತಾನೆ.

ನಾನು ಸೂಚಿಸುವ ಹಂಚಿಕೆ: ಸ್ಲ್ಯಾಬ್ ಪೈಪಿಂಗ್ ಮುಗಿದಾಗ ಕೂಲಿಯ ಶೇ. 15, ಗೋಡೆ ಪೈಪು ಮತ್ತು ಬಾಕ್ಸ್ ಮುಗಿದಾಗ ಶೇ. 25, ವೈರ್ ಎಳೆದು ಡಿಬಿ ಕೂರಿಸಿದಾಗ ಶೇ. 25, ಸ್ವಿಚ್ಚು ಫಿಟ್ಟಿಂಗ್ ಮುಗಿದಾಗ ಶೇ. 20, ಪರೀಕ್ಷೆ ಮುಗಿದು ಕಾಗದಪತ್ರ ಕೈಗೆ ಬಂದಾಗ ಶೇ. 10. ಉಳಿದ ಶೇ. 5 ಆರು ತಿಂಗಳ ನಂತರ. ಅಡ್ವಾನ್ಸ್ ಕೇಳಿದರೆ ಮೊದಲ ಹಂತದ ಮೊತ್ತದಲ್ಲೇ ಒಂದು ಪಾಲು ಕೊಡಿ. ಹೆಂಚು ಹೊದಿಸಿದ ಮನೆಗೆ, ಹಳೆ ಮನೆಯ ವೈರಿಂಗ್‌ಗೆ ಸ್ಲ್ಯಾಬ್ ಹಂತವೇ ಇರುವುದಿಲ್ಲ; ಆ ಪಾಲನ್ನು ಉಳಿದ ಹಂತಗಳಿಗೆ ಹಂಚಿ. ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ಟಿಪ್ಪಣಿಯಲ್ಲಿ ಯಾವ ಹಂತದ್ದು ಎಂದು ಹಾಕಿ.

ಜಿಎಸ್‌ಟಿ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಅಪಾರ್ಟ್‌ಮೆಂಟ್ ಸಮುಚ್ಚಯದ ಭಾಗವಲ್ಲದ ಒಂಟಿ ಮನೆಯ ಹೊಸ ಕೆಲಸಕ್ಕೆ ಬರೀ ಕೂಲಿ ಗುತ್ತಿಗೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿ ಇದೆ. ಸಾಮಾನು ಸಮೇತ ಕೊಟ್ಟರೆ ಅದು ಕಾಮಗಾರಿ ಗುತ್ತಿಗೆ, ಶೇ. 18 ತೆರಿಗೆ. ಹಳೆ ಮನೆಯ ದುರಸ್ತಿಗೆ ಕೂಲಿ ವಿನಾಯಿತಿ ಸಿಗುವುದಿಲ್ಲ. ಆದರೆ ತೆರಿಗೆ ಹಾಕಲು ಕಾಂಟ್ರಾಕ್ಟರ್ ನೋಂದಾಯಿತನಾಗಿರಬೇಕು. ಜಿಎಸ್‌ಟಿ ಸಂಖ್ಯೆ ಇಲ್ಲದವರು ತೆರಿಗೆ ಹೆಸರಲ್ಲಿ ನಿಮ್ಮಿಂದ ಒಂದು ರೂಪಾಯಿಯೂ ವಸೂಲು ಮಾಡುವಂತಿಲ್ಲ. "ರೇಟಿನಲ್ಲಿ ತೆರಿಗೆ ಸೇರಿದೆ" ಅಥವಾ "ಸೇರಿಲ್ಲ" ಎಂದು ಕರಾರಿನಲ್ಲಿ ಒಂದು ಸಾಲು ಇರಲಿ. ಬಿಲ್ ಬೇಡ ಅಂದರೆ ತೆರಿಗೆ ಉಳಿಯುತ್ತದೆ ಎಂಬ ಆಸೆಗೆ ಬಿದ್ದವರಿಗೆ ಆಮೇಲೆ ದೂರು ಕೊಡಲು ಕೈಯಲ್ಲಿ ದಾಖಲೆಯೇ ಇರುವುದಿಲ್ಲ.

6. ಗೋಡೆ ಕೊರೆಯುವವರು, ಮುಚ್ಚುವವರು, ಬಿದ್ದರೆ ನೋಡಿಕೊಳ್ಳುವವರು

ಗಾರೆ ಮೇಸ್ತ್ರಿ, ಪ್ಲಂಬರ್, ಫಾಲ್ಸ್ ಸೀಲಿಂಗ್‌ನವರು, ಪೇಂಟರ್, ಎಲೆಕ್ಟ್ರಿಷಿಯನ್ ಒಂದೇ ಗೋಡೆಯ ಮೇಲೆ ಕೆಲಸ ಮಾಡುತ್ತಾರೆ. ಪೈಪಿಗಾಗಿ ಕೊರೆದ ಗೋಡೆಯನ್ನು ಮುಚ್ಚುವುದು ಎಲೆಕ್ಟ್ರಿಷಿಯನ್ ಕೆಲಸವೋ ಮೇಸ್ತ್ರಿಯ ಕೆಲಸವೋ? ಇಬ್ಬರನ್ನೂ ಕೇಳಿ, ಇಬ್ಬರೂ "ಅವರದು" ಅಂತಾರೆ. ಕೊರೆಯುವುದು, ಪೈಪು ಕೂರಿಸಿ ಮೊಳೆ ತಂತಿಯಿಂದ ಬಿಗಿಯುವುದು ಎಲೆಕ್ಟ್ರಿಷಿಯನ್‌ಗೆ, ಮೆಶ್ ಹೊಡೆದು ಗಾರೆ ತುಂಬುವುದು ಮೇಸ್ತ್ರಿಗೆ ಎಂದು ಬರೆದರೆ ಒಳ್ಳೆಯದು. ಮೆಶ್ ಎಂದರೆ ಗಾರೆ ಬಿರುಕು ಬಿಡದಂತೆ ಹೊಡೆಯುವ ತಂತಿಬಲೆ. ಮೇಸ್ತ್ರಿಯ ಕರಾರಿನಲ್ಲೂ ಅದೇ ಸಾಲು ಇರಬೇಕು. ಕಾಲಮ್, ಬೀಮ್‌ಗಳನ್ನು ಇಂಜಿನಿಯರ್ ಒಪ್ಪಿಗೆ ಇಲ್ಲದೆ ಕೊರೆಯಬಾರದು ಎಂದು ಸ್ಪಷ್ಟವಾಗಿ ಬರೆಯಿರಿ.

ಗಾರೆ ಹೊಡೆಯುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಟೇಪು ಹಿಡಿದು. ಆಮೇಲೆ ಮೊಳೆ ಹೊಡೆಯುವಾಗ, ಅಲಮಾರಿ ಕೂರಿಸುವಾಗ ಇದು ಕೈ ಹಿಡಿಯುತ್ತದೆ.

ಕೆಲಸಗಾರರ ಸುರಕ್ಷತೆಗೂ ಒಂದು ಷರತ್ತು ಇರಲಿ: ಲೈನ್ ಬಂದ್ ಮಾಡದೆ ಕೆಲಸ ಮಾಡಬಾರದು, ತಾತ್ಕಾಲಿಕ ಸಂಪರ್ಕದಿಂದ ಬರುವ ಬೋರ್ಡಿಗೂ ಶಾಕ್ ಹೊಡೆದರೆ ಲೈನ್ ಕಡಿಯುವ ಆರ್‌ಸಿಸಿಬಿ ಇರಬೇಕು, ಕೆಲಸಗಾರರ ಹೊಣೆ ಕಾಂಟ್ರಾಕ್ಟರ್‌ದು. ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯೇ ಎಂದು ಕೇಳಿ. ನೋಂದಾಯಿತ ಕಾರ್ಮಿಕರಿಗೆ ಅಪಘಾತ ಪರಿಹಾರ ಅಲ್ಲಿಂದ ಸಿಗುತ್ತದೆ.

7. ಬದಲಾವಣೆ, ಗಡುವು, ದಂಡ

ಮನೆ ಕಟ್ಟುವಾಗ ಮನಸ್ಸು ಬದಲಾಗುತ್ತದೆ, ಅದನ್ನು ತಡೆಯಲಾಗುವುದಿಲ್ಲ. "ಹೆಚ್ಚುವರಿ ಕೆಲಸಕ್ಕೆ ಮೊದಲು ವಾಟ್ಸ್ಆ್ಯಪ್‌ನಲ್ಲಿ ಮೊತ್ತ ತಿಳಿಸಿ, ಮಾಲೀಕರು ಒಪ್ಪಿದ ಮೇಲೆ ಮಾಡತಕ್ಕದ್ದು, ಒಪ್ಪಿಗೆ ಇಲ್ಲದ ಕೆಲಸಕ್ಕೆ ಹಣ ಇಲ್ಲ" ಎಂದು ಬರೆಯಿರಿ. ಆ ಮೆಸೇಜುಗಳನ್ನು ಅಳಿಸಬೇಡಿ.

ಗಡುವು ಬರೆಯುವಾಗ ತಾರೀಕು ಹಾಕಬೇಡಿ, ಹಂತಕ್ಕೆ ಕಟ್ಟಿ: "ಗೋಡೆ ಕೆಲಸ ಮುಗಿದು ತಿಳಿಸಿದ 3 ದಿನದೊಳಗೆ ಪೈಪಿಂಗ್ ಶುರು, 10 ದಿನದೊಳಗೆ ಮುಗಿಸುವುದು" ಎಂಬಂತೆ. ಏಕೆಂದರೆ ತಡವಾಗುವುದು ಎಷ್ಟೋ ಸಲ ಮೇಸ್ತ್ರಿಯಿಂದ, ಎಲೆಕ್ಟ್ರಿಷಿಯನ್‌ನಿಂದ ಅಲ್ಲ. ತಡವಾದರೆ ದಿನಕ್ಕೆ 5,000 ದಂಡ ಎಂದೆಲ್ಲ ಹೆದರಿಸಿ ಬರೆಯುವುದರಿಂದ ಲಾಭವಿಲ್ಲ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಎಷ್ಟು ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ಆ ಮೊತ್ತದ ಮಿತಿಯೊಳಗೆ ಸಮಂಜಸ ಎನಿಸಿದ ಪರಿಹಾರ ಮಾತ್ರ. ಅದರ ಬದಲು "ಲಿಖಿತ ಸೂಚನೆ ಕೊಟ್ಟ 7 ದಿನದಲ್ಲಿ ಕೆಲಸಕ್ಕೆ ಬಾರದಿದ್ದರೆ ಬೇರೆಯವರಿಂದ ಮಾಡಿಸಿ, ಹೆಚ್ಚಾದ ಖರ್ಚನ್ನು ಬಾಕಿಯಲ್ಲಿ ಕಳೆಯಬಹುದು" ಎಂಬ ಸಾಲು ಕೆಲಸಕ್ಕೆ ಬರುತ್ತದೆ.

ಕಾಂಟ್ರಾಕ್ಟರ್ ಕಡೆಯ ನ್ಯಾಯವನ್ನೂ ಬರೆಯಿರಿ. ಹಂತ ಮುಗಿದು ಬಿಲ್ ಕೊಟ್ಟ ಇಷ್ಟು ದಿನದಲ್ಲಿ ಹಣ ಕೊಡುತ್ತೇವೆ, ಸಾಮಾನು ತಡವಾದರೆ ಗಡುವು ಅಷ್ಟೇ ಮುಂದಕ್ಕೆ ಹೋಗುತ್ತದೆ. ತನ್ನ ಪರವಾಗಿಯೂ ನಾಲ್ಕು ಸಾಲು ಇರುವ ಕರಾರಿಗೆ ಯಾರೂ ಮೂಗು ಮುರಿಯದೆ ಸಹಿ ಹಾಕುತ್ತಾರೆ.

8. ಪರೀಕ್ಷೆ ಮಾಡಿಸಿ, ಆಮೇಲೆ ಮೀಟರ್ ಮಾತು

ಸ್ವಿಚ್ ಹಾಕಿದಾಗ ದೀಪ ಹತ್ತಿತು ಅಂದರೆ ವೈರಿಂಗ್ ಸರಿಯಿದೆ ಎಂದಲ್ಲ. ಕೊನೆಯ ಕಂತಿಗೆ ಮುಂಚೆ ಇವನ್ನು ನಿಮ್ಮೆದುರೇ ಮಾಡಿ ತೋರಿಸಬೇಕು ಎಂದು ಬರೆಯಿರಿ.

ಮೆಗ್ಗರ್ ಪರೀಕ್ಷೆ: ವೈರಿನ ಹೊದಿಕೆ ಎಲ್ಲೂ ಕಿತ್ತು ಹೋಗಿಲ್ಲ ಎಂದು ನೋಡುವ ಉಪಕರಣ. 500 ವೋಲ್ಟ್ ಡಿಸಿಯನ್ನು ಒಂದು ನಿಮಿಷ ಕೊಟ್ಟಾಗ ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಹೊಸ ವೈರಿಂಗ್‌ನಲ್ಲಿ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬರುತ್ತದೆ. ಅಂಚಿಗೆ ಬಂದು ನಿಂತಿದ್ದರೆ ಎಲ್ಲೋ ವೈರ್ ಕಚ್ಚಿಕೊಂಡಿದೆ ಎಂದೇ ಅರ್ಥ.

ಅರ್ಥಿಂಗ್: ಗುಂಡಿಯ ಪ್ರತಿರೋಧವನ್ನು ಅರ್ಥ್ ಟೆಸ್ಟರ್‌ನಿಂದ ಅಳೆದು ಬರೆದುಕೊಡಬೇಕು. ಪ್ರತಿ ಸಾಕೆಟ್‌ನ ಅರ್ಥ್ ಪಿನ್‌ಗೂ ಸಂಪರ್ಕ ಬಂದಿದೆಯೇ ನೋಡಬೇಕು. ಗುಂಡಿ ಚೆನ್ನಾಗಿದ್ದು ಅಡುಗೆಮನೆ ಸಾಕೆಟ್‌ನಲ್ಲಿ ಹಸಿರು ವೈರ್ ಜೋಡಿಸದೇ ಬಿಟ್ಟ ಮನೆಗಳು ಬೇಕಾದಷ್ಟಿವೆ.

ಆರ್‌ಸಿಸಿಬಿ: ವಿದ್ಯುತ್ ಸೋರಿಕೆಯಾದರೆ, ಅಂದರೆ ಯಾರಿಗಾದರೂ ಶಾಕ್ ಹೊಡೆದರೆ, ತಕ್ಷಣ ಲೈನ್ ಕಡಿಯುವ ಸಾಧನ. ಮನೆಗೆ 30 ಮಿಲಿಆಂಪಿಯರ್‌ನದು ಬೇಕು. ಎಂಸಿಬಿ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದು ವೈರ್ ಉಳಿಸುತ್ತದೆ, ಮನುಷ್ಯರನ್ನಲ್ಲ. ಎಲ್ಲ ಲೋಡ್ ಚಾಲೂ ಇಟ್ಟು ಟೆಸ್ಟ್ ಬಟನ್ ಒತ್ತಿ ನೋಡಿ. ಇಲ್ಲಿ ಒಂದು ಮಾಮೂಲಿ ತಕರಾರಿದೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಅನ್ನು ಮನೆ ಲೈನಿನ ನ್ಯೂಟ್ರಲ್‌ಗೆ ಎಲ್ಲೋ ಒಂದು ಬೋರ್ಡಿನಲ್ಲಿ ಸೇರಿಸಿಬಿಟ್ಟಿರುತ್ತಾರೆ. ಆಗ ಆರ್‌ಸಿಸಿಬಿ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ. ಅದನ್ನು ಹುಡುಕಿ ಸರಿಪಡಿಸಲು ಬೇಸರಪಟ್ಟು "ಇದರ ಕಾಟ ಜಾಸ್ತಿ ಸಾರ್, ಬೈಪಾಸ್ ಮಾಡ್ತೀನಿ" ಅಂತಾರೆ. ಒಪ್ಪಲೇಬೇಡಿ. "ಆರ್‌ಸಿಸಿಬಿ ಬೈಪಾಸ್ ಮಾಡಿದ್ದರೆ ಕೆಲಸ ಅಪೂರ್ಣವೆಂದೇ ಲೆಕ್ಕ" ಎಂದು ಕರಾರಿನಲ್ಲೇ ಹಾಕಿ.

ಮೀಟರ್ ವಿಷಯದಲ್ಲಿ "ಎಲ್ಲಾ ನಾನೇ ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಎಂಬ ಇಡಿಗಂಟಿನ ಮಾತಿಗೆ ಒಪ್ಪಬೇಡಿ. ಎಸ್ಕಾಂಗೆ ಕಟ್ಟುವ ಶುಲ್ಕ ಮತ್ತು ಠೇವಣಿ ರಸೀದಿ ಪ್ರಕಾರ ನಿಮ್ಮದು. ಅರ್ಜಿ, ವೈರಿಂಗ್ ನಕ್ಷೆ, ಕಂಪ್ಲೀಷನ್ ರಿಪೋರ್ಟ್, ಓಡಾಟಕ್ಕೆ ಕಾಂಟ್ರಾಕ್ಟರ್‌ನ ಕೂಲಿ ಎಷ್ಟು ಎಂದು ಬೇರೆ ಬರೆಯಿರಿ. ಅರ್ಜಿಯಲ್ಲಿ ಮಂಜೂರಾತಿ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೀವೇ ನೋಡಿ ಹಾಕಿಸಿ. ಪ್ರತಿ ತಿಂಗಳ ನಿಗದಿತ ಶುಲ್ಕ ಅದರ ಮೇಲೆಯೇ ಬರುತ್ತದೆ. ಕಟ್ಟಡ ಕಾಲದ ತಾತ್ಕಾಲಿಕ ಸಂಪರ್ಕವನ್ನು ಕಾಯಂ ಮಾಡಿಸುವುದು ಯಾರ ಹೊಣೆ ಎಂದೂ ಇರಲಿ. ಬೆಸ್ಕಾಂ ವ್ಯಾಪ್ತಿಯಲ್ಲಿ 2025ರ ಫೆಬ್ರುವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ, ಅದರ ಖರ್ಚು ಯಾರದು ಎನ್ನುವುದನ್ನೂ ಮರೆಯದೆ ಬರೆಯಿರಿ.

ಸ್ವಾಧೀನಾನುಭವ ಪತ್ರ, ಜನ ಓಸಿ ಎನ್ನುವುದು, ಇಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ರಾಜ್ಯದಲ್ಲಿ ಎಷ್ಟೋ ಮನೆಗಳ ಅರ್ಜಿ ನಿಂತುಹೋದವು. ಸಣ್ಣ ಮನೆಗಳಿಗೆ ಸರ್ಕಾರ ಆಮೇಲೆ ಸಡಿಲಿಕೆ ಕೊಟ್ಟಿತು. ನಿಮ್ಮ ಮನೆ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಎಸ್ಕಾಂ ಉಪವಿಭಾಗ ಕಚೇರಿಯಲ್ಲೇ ಕೇಳಿ. ಕಾಂಟ್ರಾಕ್ಟರ್ ಕೊಡುವ ಭರವಸೆಗೆ ಇಲ್ಲಿ ಬೆಲೆ ಇಲ್ಲ.

9. ಸಹಿ

ಕರಾರು ಕನ್ನಡದಲ್ಲೇ ಇರಲಿ, ಇಬ್ಬರಿಗೂ ಓದಿ ಅರ್ಥವಾಗುವಂತೆ. ಇ-ಸ್ಟಾಂಪ್ ಪೇಪರ್ ಮೇಲೆ ಮಾಡಿ. ಎಷ್ಟರದ್ದು ಬೇಕು, ಈಗಿನ ದರ ಎಷ್ಟು ಎಂದು ಮೊದಲೇ ವಿಚಾರಿಸಿಕೊಳ್ಳಿ. ನೋಂದಣಿ ಬೇಕಿಲ್ಲ. ಪ್ರತಿ ಪುಟಕ್ಕೂ ಅನುಬಂಧಕ್ಕೂ ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು, ಎರಡು ಪ್ರತಿ. ಅಂಗಡಿಯಲ್ಲಿ ಸಿಗುವ ಸಿದ್ಧ ನಮೂನೆಯಲ್ಲಿ ಮಧ್ಯಸ್ಥಿಕೆ ಷರತ್ತು, ಅಂದರೆ ಜಗಳವನ್ನು ಕೋರ್ಟಿನ ಬದಲು ಖಾಸಗಿ ಮಧ್ಯಸ್ಥಗಾರರೇ ತೀರ್ಮಾನಿಸಬೇಕು ಎಂಬ ಸಾಲು, ಇದ್ದರೆ ಹೊಡೆದುಹಾಕಿ. ಇಷ್ಟು ಸಣ್ಣ ಕೆಲಸಕ್ಕೆ ಮಧ್ಯಸ್ಥಗಾರರ ಖರ್ಚೇ ಹೆಚ್ಚಾಗುತ್ತದೆ.

10. ಆದರೂ ಕೈಕೊಟ್ಟರೆ

ಮೊದಲು ಇರುವ ಸ್ಥಿತಿಯನ್ನು ಹಾಗೆಯೇ ದಾಖಲಿಸಿ. ಎಲ್ಲ ಕೋಣೆಗಳ ಫೋಟೋ, ವಿಡಿಯೊ, ಉಳಿದ ಸಾಮಾನಿನ ಪಟ್ಟಿ. ಲೈಸೆನ್ಸ್ ಇರುವ ಇನ್ನೊಬ್ಬ ಕಾಂಟ್ರಾಕ್ಟರ್ ಕರೆಸಿ ಯಾವ ಕೆಲಸ ಎಷ್ಟಾಗಿದೆ, ಏನು ದೋಷ, ಸರಿಪಡಿಸಲು ಎಷ್ಟು ಖರ್ಚು ಎಂದು ಲಿಖಿತ ವರದಿ ಪಡೆಯಿರಿ. ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ. ಕರಾರಿನ ಯಾವ ಷರತ್ತು ಮುರಿದಿದೆ, ಎಷ್ಟು ದಿನದಲ್ಲಿ ಸರಿಪಡಿಸಬೇಕು ಎಂದು ಬರೆಯಿರಿ. ವಕೀಲರ ಮೂಲಕವೇ ಆಗಬೇಕೆಂದಿಲ್ಲ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಸ್ವಂತ ವಾಸದ ಮನೆಗೆ ಹಣ ಕೊಟ್ಟು ಕೆಲಸ ಮಾಡಿಸಿದವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರು; ವ್ಯಾಪಾರದ ಉದ್ದೇಶದ ಕಟ್ಟಡಕ್ಕೆ ಇದು ಅನ್ವಯಿಸದು. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ತೊಂದರೆಯಾದ 2 ವರ್ಷದೊಳಗೆ ದೂರು ಹಾಕಬೇಕು. ಕರಾರಿನಲ್ಲಿ ಮಧ್ಯಸ್ಥಿಕೆ ಷರತ್ತು ಉಳಿದುಹೋಗಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ದೂರಿಗೆ ಮುಂಚೆ 1915 ಸಹಾಯವಾಣಿಗೆ ಕರೆ ಮಾಡಿ ನೋಡಬಹುದು. ಸಿವಿಲ್ ಕೋರ್ಟಿಗೆ ಹೋಗುವುದಾದರೆ 3 ವರ್ಷ ಅವಧಿ ಇದೆ. ಅಪಾಯಕಾರಿ ಕೆಲಸ ಮಾಡಿದ್ದರೆ, ಕೆಲಸ ನೋಡದೆ ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕಿದ್ದರೆ, ಲೈಸೆನ್ಸ್ ಸಂಖ್ಯೆ ಸಮೇತ ವಿದ್ಯುತ್ ಪರಿವೀಕ್ಷಣಾ ಇಲಾಖೆಗೆ ಬರೆಯಿರಿ. ಹಣ ಅಲ್ಲಿ ವಾಪಸ್ ಸಿಗುವುದಿಲ್ಲ, ಆದರೆ ಲೈಸೆನ್ಸಿನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಅವರದು.

ಉಳಿದ ಕೆಲಸಕ್ಕೆ ಹೊಸಬರನ್ನು ಕರೆಯುವಾಗ ಅವಸರ ಮಾಡಬೇಡಿ. ಹಳಬ ಎಳೆದು ಹೋದ ವೈರ್‌ಗಳಿಗೆ ಹೊಸಬ ಕೈ ಹಾಕುವ ಮುನ್ನವೇ ಮೆಗ್ಗರ್ ಹಾಕಿಸಿ, ಬಂದ ಅಂಕಿಗಳನ್ನು ಹೊಸ ಕರಾರಿನ ಅನುಬಂಧದಲ್ಲಿ ಸರ್ಕ್ಯೂಟ್‌ವಾರು ಬರೆಸಿ. ಯಾವ ಸರ್ಕ್ಯೂಟ್ ಹಾಗೆಯೇ ಒಪ್ಪಿಕೊಳ್ಳುತ್ತಾರೆ, ಯಾವುದನ್ನು ಕಿತ್ತು ಹೊಸದಾಗಿ ಎಳೆಯುತ್ತಾರೆ ಎಂದೂ ಅಲ್ಲೇ ನಮೂದಾಗಲಿ. ಕಂಪ್ಲೀಷನ್ ರಿಪೋರ್ಟ್‌ಗೆ ಸಹಿ ಹಾಕಬೇಕಾದವರು ಅವರೇ ಆದ್ದರಿಂದ, ನಿಯತ್ತಿನ ಕಾಂಟ್ರಾಕ್ಟರ್ ಆಗಿದ್ದರೆ ಈ ಪರೀಕ್ಷೆಯನ್ನು ನಿಮಗಿಂತ ಮೊದಲು ಅವರೇ ಕೇಳುತ್ತಾರೆ.